ಕುಂಡದ ಚಹಾ ಗಿಡದ ಚಿಗುರು ಹಳದಿ: ನೀರನ್ನು ಬದಲಿಸಿ ನೋಡಿ

ನಿಮ್ಮ ಕುಂಡದ ಚಹಾ ಗಿಡದಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಹಾಕುವುದು ಬೆಂಗಳೂರಿನ ಬೋರ್‌ವೆಲ್ ನೀರು ಎಂದು ಬರೆದಿದ್ದೀರಿ. ಇದು ಬಹುತೇಕ ಕಬ್ಬಿಣದ ಕೊರತೆ, ಅದಕ್ಕೆ ಕಾರಣ ಆ ಗಡಸು ನೀರು. ಚಹಾಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.5ರಿಂದ 5.5. ನೀರಿನ ಸುಣ್ಣ ಸೇರುತ್ತಾ ಹೋದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕುಂಡದ ಅಂಚು ಸವರಿ ನೋಡಿ, ಬಿಳಿ ಪುಡಿ ಬೆರಳಿಗೆ ಹತ್ತಿದರೆ ಬಹುತೇಕ ಅದೇ ಸುಣ್ಣ.

ಮೊದಲು ಬೂದಿ, ಮೊಟ್ಟೆ ಚಿಪ್ಪು ಹಾಕುವುದನ್ನು ಬಿಡಿ. ಗುಲಾಬಿಗೆ ಒಗ್ಗುತ್ತದೆಂದು ಇದಕ್ಕೂ ಹಾಕಿ ಎಷ್ಟೋ ಗಿಡ ಹಾಳಾಗುತ್ತವೆ. ಮಳೆನೀರು ಹಿಡಿದಿಟ್ಟು ಅದನ್ನೇ ಕೊಡಿ. ಒಮ್ಮೆ ಕುಂಡದ ತಳದಿಂದ ಧಾರಾಳ ಹರಿದುಹೋಗುವಷ್ಟು ಸುರಿಯಿರಿ. ಆಮೇಲೆ ಚಿಲೇಟೆಡ್ ಕಬ್ಬಿಣವನ್ನು (ಗಿಡಕ್ಕೆ ಸುಲಭವಾಗಿ ದಕ್ಕುವ ರೂಪದ ಕಬ್ಬಿಣ) ಪೊಟ್ಟಣದ ಮೇಲಿನ ಅಳತೆಯಲ್ಲೇ ಕಲಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಮಣ್ಣಿಗೆ ಗಂಧಕದ ಪುಡಿ ಬೆರೆಸಿದರೂ ಆಗುತ್ತದೆ, ಆದರೆ ಮಣ್ಣು ಹುಳಿಯಾಗಲು ತಿಂಗಳುಗಳೇ ಬೇಕು. ಮಳೆಗಾಲ ಹಿಡಿದಾಗ ಕೆಂಪು ಮಣ್ಣು, ಎಲೆಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ ಬೆರೆಸಿ ಕುಂಡ ಬದಲಿಸಿ.

ಈಗಾಗಲೇ ಹಳದಿಯಾದ ಎಲೆ ಹಸಿರಾಗದಿದ್ದರೂ ಗಾಬರಿ ಬೇಡ, ಮುಂದಿನ ಚಿಗುರು ನೋಡಿ. ಫೋಟೊ ಇಲ್ಲದ್ದರಿಂದ ಒಂದು ಅನುಮಾನ ಉಳಿಯುತ್ತದೆ: ಕೆಳಗಿನ ಎಲೆಗಳೇ ಮೊದಲು ಪೂರ್ತಿ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ ಅಥವಾ ನಿಂತ ನೀರು. ಆಗ ಕುಂಡದ ತೂತು ಪರೀಕ್ಷಿಸಿ.

ಚಹಾ ಮಾಡಲು ಎಲೆ ಕೊಯ್ಯುವ ಬಗ್ಗೆಯೂ ಕೇಳಿದ್ದಿರಿ. ಈಗ ಬೇಡ, ಗಿಡ ಚೇತರಿಸಿಕೊಳ್ಳಲಿ. ಸಿಂಪಡಿಸಿದ ಎಲೆಯನ್ನಂತೂ ಬಳಸಬೇಡಿ. ಹೊಸ ಚಿಗುರು ಚೆನ್ನಾಗಿ ಬಂದ ಮೇಲೆ ಎರಡೆಲೆ, ಒಂದು ಮೊಗ್ಗು ಚಿವುಟಿ, ಒಂದು ನಿಮಿಷ ಹಬೆಯಲ್ಲಿಟ್ಟು, ಅಂಗೈಯಲ್ಲಿ ಹೊಸೆದು ಒಣಗಿಸಿದರೆ ಹಸಿರು ಚಹಾ ಸಿದ್ಧ.