ಬಿಸಿಯಾಗುವ ಕಡಲು, ಹಸಿದ ಮರಿಗಳು

ಪ್ರಶ್ನೆ: ಕಡಲ ಹಕ್ಕಿಗಳು ಸಾವಿರಾರು ಕಿಲೋಮೀಟರ್ ವಲಸೆ ಹೋಗುತ್ತವೆ. ನೀರು ಬಿಸಿಯಾದರೆ ತಂಪಿರುವ ಕಡೆ ಹೋದರಾಯಿತಲ್ಲ, ಸಾಯುವುದೇಕೆ?

ಉತ್ತರ: ಅವು ಸಾಯುವುದು ಹೆಚ್ಚಾಗಿ ಹಸಿವಿನಿಂದ, ಅದರಲ್ಲೂ ಮರಿಗಳು. ಬ್ರಿಟನ್ನಿನ ಉತ್ತರ ಸಮುದ್ರ ತೀರದ ಕಿಟಿವೇಕ್ ಹಕ್ಕಿಯನ್ನೇ ನೋಡಿ. ಚಳಿಗಾಲವನ್ನು ಅಟ್ಲಾಂಟಿಕ್ ಸಾಗರದಲ್ಲಿ ಕಳೆದು, ವಸಂತದಲ್ಲಿ ಕಡಿದಾದ ಬಂಡೆಗಳಿಗೆ ಮರಳಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಅಲ್ಲಿಂದ ಮುಂದೆ ಎಷ್ಟು ದೂರ ಹಾರಬಲ್ಲದಾದರೂ ಮೀನು ಹಿಡಿದು ಅದೇ ಗೂಡಿಗೆ ವಾಪಸು ಬರಲೇಬೇಕು. ಆಳಕ್ಕೆ ಮುಳುಗಲೂ ಬಾರದು. ನೀರಿನ ಮೇಲ್ಪದರದಲ್ಲಿ ಸಿಕ್ಕಿದ್ದೇ ಊಟ.

ಮರಿಗಳ ಮುಖ್ಯ ಆಹಾರ ಸ್ಯಾಂಡ್‌ಈಲ್ ಎಂಬ ಸಣ್ಣ, ಕೊಬ್ಬುಳ್ಳ ಮೀನು. ಅದರ ಮರಿಗಳಿಗೆ ಬೇಕಾದದ್ದು ಅಕ್ಕಿಕಾಳಿನಷ್ಟೂ ಇಲ್ಲದ ಕ್ಯಾಲನಸ್ ಎಂಬ ತೇಲುಜೀವಿ. ತಣ್ಣೀರಿನ ಕ್ಯಾಲನಸ್ ವಸಂತದಲ್ಲೇ ಹೇರಳವಾಗುತ್ತದೆ. ಈಗ ನೀರು ಬಿಸಿಯಾದಂತೆ ಅದು ಉತ್ತರಕ್ಕೆ ಸರಿದು, ಆ ಜಾಗಕ್ಕೆ ಬಂದಿರುವ ಬೆಚ್ಚನೆ ನೀರಿನ ಜಾತಿ ಹೆಚ್ಚುವುದು ಬೇಸಿಗೆ ಕಳೆಯುವ ಹೊತ್ತಿಗೆ. ಮೀನುಮರಿಗೆ ಬೇಕಾದಾಗ ಆಹಾರವಿಲ್ಲ. ಸ್ಯಾಂಡ್‌ಈಲ್ ಕೂಡ ಸುಲಭವಾಗಿ ಜಾಗ ಬದಲಿಸಲಾರದು: ರಾತ್ರಿಯೂ ಚಳಿಗಾಲವೂ ಹುದುಗಿಕೊಳ್ಳಲು ಕೆಸರಿಲ್ಲದ ದೊರಗು ಮರಳೇ ಬೇಕು.

ಮೀನು ಸಿಗದಾಗ ತಂದೆತಾಯಿ ಎರಡೂ ಒಟ್ಟಿಗೇ ಆಹಾರ ಹುಡುಕಲು ಗೂಡು ಬಿಟ್ಟು ಹೋಗುತ್ತವೆ. ಒಂಟಿ ಮರಿ ಬೇರೆ ಹಕ್ಕಿಗಳ ಪಾಲಾಗುತ್ತದೆ. 2004ರಲ್ಲಿ ಸ್ಕಾಟ್ಲೆಂಡಿನ ಶೆಟ್ಲೆಂಡ್, ಆರ್ಕ್ನಿ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಮರಿಗಳು ಬಹುಪಾಲು ಉಳಿಯಲಿಲ್ಲ. ಆಚೀಚಿನ ವರ್ಷಗಳಲ್ಲಿ ಹಕ್ಕಿಗಳು ಬದಲಿಗೆ ತಂದ ಪೈಪ್‌ಫಿಶ್ ಗಟ್ಟಿ ಮೂಳೆಯದು, ಕೊಬ್ಬು ಕಡಿಮೆ. ನುಂಗಲಾಗದೆ ಮರಿಗಳು ಉಸಿರುಗಟ್ಟಿದ್ದೂ ಉಂಟು. ಕಡಲಿನ ಬಿಸಿಯನ್ನು ಕೂಡಲೇ ಇಳಿಸಲಾಗದು, ಬಲೆಯನ್ನಾದರೂ ನಿಲ್ಲಿಸಬಹುದು. 2024ರಲ್ಲಿ ಸ್ಕಾಟ್ಲೆಂಡಿನ ನೀರಿನಲ್ಲೂ ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲೂ ಸ್ಯಾಂಡ್‌ಈಲ್ ಹಿಡಿಯುವುದನ್ನು ನಿಷೇಧಿಸಿದ್ದು ಬಹಳ ಒಳ್ಳೆಯ ಕೆಲಸ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕರಾವಳಿಯ ದಡಕ್ಕೆ ಬೂಬಿಯಂಥ ದೊಡ್ಡ ಹಕ್ಕಿ ಬಂದು ಬೀಳುವುದಕ್ಕೂ ಇದೇ ಕಾರಣವೇ? ಸಿಕ್ಕರೆ ಏನು ಮಾಡಬೇಕು?

ಉತ್ತರ: ಒಂದು ಹಕ್ಕಿ ಬಿದ್ದ ಮಾತ್ರಕ್ಕೆ ಹಾಗೆನ್ನಬಾರದು. ಮುಂಗಾರಿನ ಬಿರುಗಾಳಿ ಹಿಂದಿನಿಂದಲೂ ನಡುಗಡಲ ಹಕ್ಕಿಗಳನ್ನು ದಡಕ್ಕೆ ತಳ್ಳುತ್ತಿದೆ.

ಕೈಗವಸು ಹಾಕಿಕೊಂಡು, ದಪ್ಪ ಟವೆಲ್ ಹೊದಿಸಿ ಎತ್ತಿ. ಕೊಕ್ಕು ಹರಿತ, ಕಣ್ಣಿಗೇ ಚುಚ್ಚೀತು. ಮುಖದಿಂದ ದೂರ ಹಿಡಿಯಿರಿ. ಹಾಗೆಂದು ಕೊಕ್ಕಿಗೆ ಟೇಪು, ರಬ್ಬರ್ ಬ್ಯಾಂಡ್ ಸುತ್ತಲೇಬೇಡಿ. ಬೂಬಿಗೆ ಹೊರಮೂಗಿನ ಹೊಳ್ಳೆಗಳಿಲ್ಲ, ಉಸಿರಾಡುವುದು ಬಾಯಿಯ ಅಂಚಿನಿಂದ. ಕೊಕ್ಕು ಕಟ್ಟಿದರೆ ಉಸಿರುಗಟ್ಟುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣಬಟ್ಟೆ ಹಾಸಿ, ಸದ್ದಿಲ್ಲದ ಕತ್ತಲ ಕೋಣೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಹಾಲು, ಅನ್ನ, ಬ್ರೆಡ್ ಬೇಡ. ಬಾಯಿಗೆ ನೀರು ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಡಲಿಗೆ ಮರಳಿ ಎಸೆಯಬೇಡಿ. ನಿತ್ರಾಣವಾಗಿ ಗರಿ ನೆನೆದ ಹಕ್ಕಿ ಅಲೆಯಲ್ಲಿ ಮುಳುಗಿಹೋಗುತ್ತದೆ.