ಎರೆಭೂಮಿಯ ಸಡಕು, ಸೈಕಲ್ ಸವಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿಗಾಲ ಹತ್ತಿರವಾದಂತೆ ಸೈಕಲ್ ಸವಾರಿಯ ಬಗ್ಗೆ ಪತ್ರಗಳು ಹೆಚ್ಚಿವೆ. ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಬಂದವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: 30–40 ಕಿ.ಮೀ. ಸಲೀಸಾಗಿ ತುಳಿಯುತ್ತೇನೆ. ನೀರು, ಗುಡ್ಡ ಎರಡೂ ಸಿಗಬೇಕು, ಭಾನುವಾರ ಮಧ್ಯಾಹ್ನದೊಳಗೆ ಮನೆ ಸೇರಬೇಕು. ಅಂಥ ದಾರಿ ಯಾವುದು? (ಕಲಬುರಗಿಯ ಓದುಗರು)

ಉತ್ತರ: ಕಮಲಾಪುರ. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ಮೇಲೆ ಹೋದರೆ ಸುಮಾರು 35 ಕಿ.ಮೀ., ಹೋಗಿ ಬಂದರೆ 70. ಶಕ್ತಿ ಉಳಿದಿದ್ದರೆ ನಡುವೆ ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯದ ಕಡೆ ಹೊರಳಬಹುದು. ಕಲಬುರಗಿ ಬಿಟ್ಟ ಮೇಲೆ ಬಹಳ ಹೊತ್ತು ತೊಗರಿ ಹೊಲದ ಬಯಲೇ. ಕಮಲಾಪುರದ ಸುತ್ತ ಆ ಬಯಲು ಒಡೆದು ಗುಡ್ಡ, ಕಣಿವೆಯಾಗುತ್ತದೆ. ಹೆಸರಾದ ಕೆಂಪು ಬಾಳೆ ಬೆಳೆಯುವುದು ಆ ಕಣಿವೆಯ ತಗ್ಗಿನಲ್ಲೇ. ಸಿಕ್ಕರೆ ಎರಡು ಹಣ್ಣು ತಿಂದೇ ಮುಂದೆ ಹೋಗಿ, ಸವಾರನಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಆ ದಾರಿಯಲ್ಲಿಲ್ಲ.

ಆದರೆ ದೂರ ಲೆಕ್ಕ ಹಾಕುವ ಮೊದಲು ಗಾಳಿ ಲೆಕ್ಕ ಹಾಕಿ. ಕಮಲಾಪುರ ಇರುವುದು ಕಲಬುರಗಿಯ ಈಶಾನ್ಯಕ್ಕೆ. ನವೆಂಬರಿನಿಂದ ಜನವರಿವರೆಗೆ ಗಾಳಿ ಬೀಸುವುದೂ ಹೆಚ್ಚಾಗಿ ಅದೇ ದಿಕ್ಕಿನಿಂದ. ಹೋಗುವಾಗ ಎದುರುಗಾಳಿ, ಕಾಲು ಸೋತು ಮರಳುವಾಗ ಬೆನ್ನಿಗೆ ಗಾಳಿ. 70 ಕಿ.ಮೀ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇಡ. ಮಳೆಗಾಲದಲ್ಲಿ ಎಲ್ಲ ತಿರುಗುಮುರುಗು: ಪಶ್ಚಿಮ, ನೈಋತ್ಯದ ಗಾಳಿ ಜೋರು. ಹೋಗುವಾಗ ಹಗುರವೆನಿಸಿ ವೇಗವಾಗಿ ತುಳಿದವರು ಮರಳುವಾಗ ಮಹಾಗಾಂವ ದಾಟುವಷ್ಟರಲ್ಲಿ ಕುಸಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ರಾಸಿನಿಂದಲೇ ಹಿಂದಿರುಗುವುದು ಮೇಲು.

ಇನ್ನೊಂದು ಮಾತು ರಸ್ತೆಯ ಅಂಚಿನದು. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಅಂಚಿಗೆ ಸಮಾನಾಂತರವಾಗಿ ಉದ್ದುದ್ದ ಬಿರಿಯುತ್ತದೆ. ಅಡ್ಡ ಬಿರುಕು ಚಕ್ರವನ್ನು ಕುಲುಕಿ ಬಿಡುತ್ತದೆ, ಉದ್ದ ಬಿರುಕು ಹಿಡಿದುಕೊಳ್ಳುತ್ತದೆ. 23, 25 ಮಿ.ಮೀ. ಅಗಲದ ಟಯರ್ ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗದು, ಸವಾರ ಬೀಳುತ್ತಾನೆ. ಅಂಚಿಗೆ ಅಂಟಿಕೊಂಡು ಹೋಗಬೇಡಿ, ಒಂದು ಮೀಟರ್ ಒಳಗಿರಿ. ಬಿರುಕು ದಾಟಲೇಬೇಕಾದರೆ ಹಿಂದೆ ನೋಡಿ, ಸಾಧ್ಯವಾದಷ್ಟು ಅಡ್ಡಲಾಗಿ ದಾಟಿ. ಈ ಕಾರಣಕ್ಕೇ ನಮ್ಮ ಭಾಗದಲ್ಲಿ 28 ಮಿ.ಮೀ.ಗಿಂತ ಸಣ್ಣ ಟಯರ್ ಬೇಡ ಎನ್ನುತ್ತೇವೆ, 32 ಹಿಡಿಯುವ ಫ್ರೇಮ್ ಇದ್ದರೆ 32.

ಪ್ರಶ್ನೆ: ವಾರಕ್ಕ ಎರಡು ಸಲ ಪಂಚರ್ ಆಗ್ತದ. ಟ್ಯೂಬ್ ಬದಲಿಸಿದ ಮರುದಿನಾನೂ ಹವಾ ಇಳೀತದ. ಟಯರ್ ಕೆಟ್ಟದೇನು? (ಯಾದಗಿರಿಯ ಓದುಗರು)

ಉತ್ತರ: ಟಯರ್ ಕೆಟ್ಟಿರಲಿಕ್ಕಿಲ್ಲ, ಮುಳ್ಳು ಒಳಗೇ ಉಳಿದಿದೆ. ರಸ್ತೆಬದಿಯ ಬಳ್ಳಾರಿ ಜಾಲಿಯ ಮುಳ್ಳು ಟಯರಿಗೆ ಚುಚ್ಚಿ ಹೊರಗಿನ ತುದಿ ಮುರಿಯುತ್ತದೆ. ಹೊರಗಿಂದ ಏನೂ ಕಾಣದು. ಹೊಸ ಟ್ಯೂಬ್ ಹಾಕಿದೊಡನೆ ಒಳಗೆ ಉಳಿದ ಚೂರು ಅದನ್ನೂ ಚುಚ್ಚುತ್ತದೆ. ನೆಗ್ಗಿಲು ಮುಳ್ಳೂ ಅಷ್ಟೇ ಕೆಟ್ಟದ್ದು. ಸೈಕಲ್ ಮಣ್ಣಿಗಿಳಿಸಿ ಗಿಡದ ನೆರಳಿಗೆ ಒರಗಿಸುವ ಆ ಹತ್ತು ಹೆಜ್ಜೆಯಲ್ಲೇ ಎರಡೂ ಚಕ್ರಕ್ಕೆ ಹತ್ತಿರುತ್ತದೆ. ಡಾಂಬರು ಬಿಟ್ಟು ಇಳಿಯುವಾಗ ಸೈಕಲ್ ಎತ್ತಿಕೊಂಡು ಇಳಿಯಿರಿ.

ಟಯರ್ ಹಾಕುವಾಗಲೇ ಅದರ ಮೇಲಿನ ಕಂಪನಿ ಹೆಸರು ವಾಲ್ವ್‌ಗೆ ನೇರವಾಗಿ ಬರುವಂತೆ ಕೂರಿಸಿ. ಪಂಚರ್ ಆದಾಗ ಟ್ಯೂಬ್ ತೆಗೆದು ಹವಾ ತುಂಬಿ ತೂತು ಹುಡುಕಿ, ವಾಲ್ವ್‌ನಿಂದ ಎಷ್ಟು ಗೇಣು ಎಂದು ಅಳೆದು ಟಯರಿನಲ್ಲಿ ಅದೇ ಜಾಗ ನೋಡಿ. ಬರಿಗೈ ಸವರಬೇಡಿ. ಹತ್ತಿಯ ತುಣುಕನ್ನು ಒಳಮೈಗೆ ಒಂದು ಸುತ್ತು ಎಳೆಯಿರಿ, ಮುಳ್ಳಿರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಚಿಮಟಿಯಿಂದ ಕೀಳಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಸುತ್ತು ಪೂರ್ತಿ ಮಾಡಿ.

ತೂತು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದೇ ತೂತು ಮುಳ್ಳಿನದು. ಅಕ್ಕಪಕ್ಕ ಎರಡು ಸೀಳು ಇದ್ದರೆ ಹವಾ ಕಡಿಮೆಯಿದ್ದು ಗುಂಡಿಗೆ ಹೊಡೆದಿದ್ದೀರಿ. ರಿಮ್ ಕಡೆ ತೂತಿದ್ದರೆ ರಿಮ್ ಪಟ್ಟಿ ಸರಿದು ಸ್ಪೋಕ್ ರಂಧ್ರದ ಅಂಚು ಕೊಯ್ದಿದೆ. ಪ್ಯಾಚ್ ಪದೇ ಪದೇ ಬಿಚ್ಚಿಕೊಳ್ಳುವುದಕ್ಕೆ ಅವಸರವೇ ಕಾರಣ: ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಹಸಿ ಆರುವವರೆಗೆ ಮೂರು–ನಾಲ್ಕು ನಿಮಿಷ ಕಾದು, ಆಮೇಲೆ ಪ್ಯಾಚ್ ಒತ್ತಬೇಕು.

70 ಕಿಲೊ ತೂಕದವರು 28 ಮಿ.ಮೀ. ಟಯರಿಗೆ ಮುಂದೆ 70, ಹಿಂದೆ 75–80 ಪಿಎಸ್‌ಐ ತುಂಬಿ. 32ಕ್ಕೆ ಮುಂದೆ 55, ಹಿಂದೆ 60–65 ಸಾಕು. ಟ್ಯೂಬ್‌ಲೆಸ್ ಇದ್ದರೆ ಪ್ರತಿ ಚಕ್ರಕ್ಕೆ 30–45 ಮಿ.ಲೀ. ಸೀಲೆಂಟ್ (ತೂತು ತಾನೇ ಮುಚ್ಚುವ ದ್ರವ). ನಮ್ಮ ಬಿಸಿಲಿಗೆ ಅದು ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಒಂದೂವರೆ–ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ತೆಳು ವಾಲ್ವ್ ಇದ್ದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಚೀಲದಲ್ಲಿರಲಿ, ಹಳ್ಳಿಯ ಪಂಚರ್ ಅಂಗಡಿಯ ಪೈಪು ಬೈಕ್ ವಾಲ್ವ್‌ಗಷ್ಟೇ ಕೂರುತ್ತದೆ. ಅಲ್ಲಿ ಕಂಪ್ರೆಸರ್‌ನಿಂದ ತುಂಬಿಸುವಾಗ ಒಂದೆರಡು ಸೆಕೆಂಡಿಗೊಮ್ಮೆ ನಿಲ್ಲಿಸಿ ಒತ್ತಿ ನೋಡಿ. ಲಾರಿ ಟಯರಿಗೆ ಇಟ್ಟ ರಭಸಕ್ಕೆ ಸೈಕಲ್ ಟ್ಯೂಬ್ ಸಿಡಿಯುತ್ತದೆ.

ಪ್ರಶ್ನೆ: ಔರಾದ್ ರಸ್ತೆಯಲ್ಲಿ ಮಾಂಜ್ರಾ ಸೇತುವೆವರೆಗೆ ಹೋಗಿ ಬರುತ್ತೇನೆ. ಬರುವಾಗ ಏರಿನಲ್ಲಿ ಮೊಣಕಾಲು ನೋಯುತ್ತದೆ. ಗೇರಿನ ಹಲ್ಲುಗಾಲಿ ಮುಂದೆ 36, ಹಿಂದೆ ದೊಡ್ಡದು 25 ಹಲ್ಲು. (ಬೀದರದ ಓದುಗರು)

ಉತ್ತರ: ಬೀದರ ಎತ್ತರದ ಜಂಬಿಟ್ಟಿಗೆ ಕಲ್ಲಿನ ನೆತ್ತಿಯ ಮೇಲಿದೆ, ನದಿ ನೂರು ಮೀಟರಿಗೂ ಹೆಚ್ಚು ಕೆಳಗೆ. ಇಳಿದು ಹೋಗಿ, ದಣಿದ ಮೇಲೆ ಹತ್ತುವ ದಾರಿ ಇದು. ನಿಮ್ಮ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3 ಮೀಟರ್ ಹೋಗುತ್ತದೆ. ಏರಿನಲ್ಲಿ ಗಂಟೆಗೆ 10–11 ಕಿ.ಮೀ. ವೇಗವಿದ್ದರೆ ನಿಮಿಷಕ್ಕೆ 60 ಸುತ್ತೂ ಆಗದು, ಪ್ರತಿ ತುಳಿತದ ಭಾರ ಮೊಣಕಾಲಿಗೆ. ಮುಂದೆ 34, ಹಿಂದೆ 32 ಮಾಡಿಸಿದರೆ ಸುತ್ತಿಗೆ 2.2 ಮೀಟರ್, ಅದೇ ವೇಗದಲ್ಲಿ 80 ಸುತ್ತು. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 32 ಹಲ್ಲು ಹಿಡಿಯುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿ, ಚೈನೂ ಉದ್ದ ಬೇಕಾಗುತ್ತದೆ.

ನೋವು ಮೊಣಕಾಲಿನ ಮುಂಭಾಗದಲ್ಲಿದ್ದರೆ ಸೀಟು ತಗ್ಗಿರುವ ಸಂಭವ ಹೆಚ್ಚು, ಹಿಂಭಾಗದಲ್ಲಿದ್ದರೆ ಎತ್ತರ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಹಾಗೆಯೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ಇಳಿಜಾರಿನಲ್ಲಿ ಒಂದು ಎಚ್ಚರ: ತಿರುವುಗಳಲ್ಲಿ ಕೆಂಪು ಮುರಂ ಕಲ್ಲು ಹರಡಿರುತ್ತದೆ, ಕಡಲೆಯಂತೆ ಟಯರಿನಡಿ ಉರುಳುತ್ತದೆ. ಬ್ರೇಕ್ ತಿರುವಿನ ಮೊದಲೇ ಮುಗಿಸಿ, ಬಾಗಿದ ಮೇಲೆ ಹಿಡಿಯಬೇಡಿ.

ಪ್ರಶ್ನೆ: ಶಹಾಪುರದಿಂದ ಬೋನಾಳ ಕೆರೆಗೆ ಒಂದೇ ದಿನ ಸಾಧ್ಯವೇ? ಯಾವ ತಿಂಗಳು? (ಶಹಾಪುರದ ಓದುಗರು)

ಉತ್ತರ: ಸಾಧ್ಯ. ಸುರಪುರಕ್ಕೆ ಸುಮಾರು 25, ಅಲ್ಲಿಂದ ಬೋನಾಳಕ್ಕೆ ಹತ್ತು–ಹನ್ನೆರಡು ಕಿ.ಮೀ. ಚಳಿಗಾಲದ ವಲಸೆ ಹಕ್ಕಿಗಳಿಗಾಗಿ ಡಿಸೆಂಬರ್–ಜನವರಿ ಸೂಕ್ತ. ಮಲಗಿದ ಬುದ್ಧನಂತೆ ಕಾಣುವ ನಿಮ್ಮ ಬೆಟ್ಟಸಾಲನ್ನು ಬೆಳಕು ಹರಿಯುವಾಗಲೇ ಬಿಟ್ಟು ಹೊರಡಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತವಿದೆ. ನಾಟಿ ದಿನಗಳಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಹೊತ್ತು ತಂದ ಕೆಸರು ರಸ್ತೆಗೆ ಬಿದ್ದಿರುತ್ತದೆ: ಹಸಿ ಇದ್ದರೆ ಜಾರುತ್ತದೆ, ಒಣಗಿದರೆ ಕಲ್ಲಿನಷ್ಟು ಗಟ್ಟಿ. ಕೆರೆ ಏರಿಯ ಮೇಲೆ ಜೋರಾಗಿ ಮಾತಾಡಬೇಡಿ, ಹಕ್ಕಿ ಎದ್ದುಹೋಗುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ನೋಡುವ ಆಸೆ. ರಸ್ತೆ ಸೈಕಲ್ಲಿನಲ್ಲಿ ಹೋಗಬಹುದೇ? (ಸೇಡಂನ ಓದುಗರು)

ಉತ್ತರ: ಜಲಪಾತದಲ್ಲಿ ನೀರಿರುವುದು ಮಳೆಗಾಲದಲ್ಲೇ, ಹಾಗಾಗಿ ಬೇಡವೆನ್ನಲಾರೆವು. ಡಾಂಬರು ಇರುವವರೆಗೆ ಮಾತ್ರ ತುಳಿಯಿರಿ, ಮುಂದೆ ನಡೆಯಿರಿ. ಎರೆಮಣ್ಣು ಒದ್ದೆಯಾದಾಗ ಟಯರಿಗೆ ಪದರುಪದರಾಗಿ ಸುತ್ತಿ ಬ್ರೇಕ್ ಮತ್ತು ಫ್ರೇಮ್ ನಡುವೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಬಲ ಹಾಕಿ ತುಳಿದರೆ ಡಿರೇಲರ್ ಮುರಿಯುತ್ತದೆ. ಕಡ್ಡಿಯಿಂದ ಕೆರೆದು ತೆಗೆಯಿರಿ. ಸರ್ವಿಸ್ ಸ್ಟೇಷನ್ನಿನ ರಭಸದ ನೀರು ಚಕ್ರದ ಹಬ್, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್‌ಗೆ ಬಿಟ್ಟರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ, ಬಕೆಟ್ ಮತ್ತು ಬಟ್ಟೆ ಸಾಕು. ಹಳ್ಳ ಸೇತುವೆಯ ಮೇಲೆ ಹರಿಯುತ್ತಿದ್ದರೆ ಪಾದ ಮುಳುಗುವಷ್ಟೇ ಇದ್ದರೂ ಇಳಿಯಬೇಡಿ, ಕೆಳಗಿನ ರಸ್ತೆ ಕೊಚ್ಚಿಹೋಗಿರುವುದು ಮೇಲಿಂದ ಕಾಣದು. ಸುತ್ತಲಿನದು ವನ್ಯಜೀವಿಧಾಮ, ಕತ್ತಲಾಗುವ ಮೊದಲೇ ಹೊರಬನ್ನಿ.

ಸೇಡಂ ಸುತ್ತ ಸಿಮೆಂಟ್ ಲಾರಿಗಳ ಓಡಾಟ ಹೆಚ್ಚು. ದೂಳಿನ ಮೇಲೆ ತುಂತುರು ಬಿದ್ದ ಮೊದಲ ಅರ್ಧ ಗಂಟೆ ರಸ್ತೆ ಸಾಬೂನಿನಂತೆ ಜಾರುತ್ತದೆ. ಆ ಹೊತ್ತು ಹೋಟೆಲಿನಲ್ಲಿ ಸುಸಲಾ ತಿನ್ನುತ್ತ ಕಳೆಯಿರಿ. ಕೆಂಪು ಹಿಂದೀಪ ಹಗಲಿನಲ್ಲೂ ಉರಿಯುತ್ತಿರಲಿ.