ಕಿಟಕಿ ಇರುವ ಗೋಡೆಗೆ ಬೆಳಕಿಲ್ಲ

ಪ್ರಿಯ ಲೇಖಕರೇ,

ಕಾಸರಗೋಡಿನ ಬದಿಯಡ್ಕದ ಕಡೆಯ ಹಳೆಮನೆಯ ಚಾವಡಿಯನ್ನು ಪೆನ್ಸಿಲಿನಲ್ಲಿ ಬಿಡಿಸುವ ಬಗೆ ಕುರಿತ ನಿಮ್ಮ ಲೇಖನ, ಚಿತ್ರ ಎರಡೂ ತಲುಪಿದವು. ಭಾಷೆ ತಿಳಿಯಾಗಿದೆ, ಕಂಬ-ತೊಲೆಗಳ ಅಳತೆ ಸರಿಯಾಗಿದೆ. ಆದರೆ ಎರಡು ವಾಕ್ಯಗಳನ್ನು ಹಾಗೆಯೇ ಅಚ್ಚಿಗೆ ಕೊಡಲು ನನಗೆ ಮನಸ್ಸಿಲ್ಲ.

"ಕಿಟಕಿಯ ಸುತ್ತಲಿನ ಗೋಡೆಗೆ ಬೆಳಕು ಹೆಚ್ಚು, ಕಾಗದದ ಬಿಳಿಯನ್ನೇ ಬಿಡಿ" ಎಂದಿದ್ದೀರಿ. ಇಲ್ಲ, ಅದು ಬೆಳಕಿಗೆ ಬೆನ್ನು ಹಾಕಿದ ಗೋಡೆ. ಕಿಟಕಿಯ ಬೆಳಕು ಬೀಳುವುದು ನೆಲಕ್ಕೆ, ಎದುರು ಗೋಡೆಗೆ. ಅಲ್ಲಿಂದ ಮರಳಿದ್ದಷ್ಟೇ ಈ ಗೋಡೆಯ ಪಾಲು. ಸುಣ್ಣ ಬಳಿದಿದ್ದರೂ ಚಿತ್ರದಲ್ಲಿ ಅದು ಬೂದು. ಕಾಗದವನ್ನು ಬೆರಳಗಾತ್ರದ ಕೊಳವೆಯಾಗಿ ಸುತ್ತಿ, ಒಂದೇ ಕಣ್ಣಿನಿಂದ ಮೊದಲು ಕಿಟಕಿಯಾಚೆಯ ಆಕಾಶ, ಆಮೇಲೆ ಪಕ್ಕದ ಸುಣ್ಣದ ಗೋಡೆ ನೋಡಿ, ಗೋಡೆ ಎಷ್ಟು ಮಂಕೆಂದು ತಿಳಿಯುತ್ತದೆ. ನಾನು ಕಲಿಯುವಾಗ ಪೆನ್ಸಿಲ್ ಹಿಡಿಯುವ ಮೊದಲೇ ಮಾಡಿಸಿದ ಪಾಠ ಇದು. ನಿಮ್ಮ ಕಿಟಕಿ ಬೆಳಗದಿರುವುದೂ ಇದರಿಂದಲೇ, ಬಿಳಿಯ ಪಕ್ಕ ಬಿಳಿ ಇಟ್ಟಿದ್ದೀರಿ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ ದಪ್ಪವಾದ್ದರಿಂದ ಕಿಟಕಿಯ ಒಳಮಗ್ಗುಲಿಗೆ ಮಾತ್ರ ನೇರ ಬೆಳಕು ಸಿಗುತ್ತದೆ. ಅಲ್ಲಿ ಮಾತ್ರ ತೆಳು ಬಣ್ಣ ಸಾಕು. ಮರದ ಮುಚ್ಚಿಗೆಯನ್ನೂ, ಅಂದರೆ ತಲೆಯ ಮೇಲಿನ ಹಲಗೆಯ ಚಾವಣಿಯನ್ನೂ, ಒಂದೇ ಸಮನೆ ಕಪ್ಪು ಮಾಡಬೇಡಿ. ಬಿಸಿಲಿದ್ದಾಗ ಅಂಗಳದಿಂದ ಪುಟಿದ ಬೆಳಕು ಕೆಳಗಿನಿಂದ ಹತ್ತುತ್ತದೆ, ಅಂಗಳದ ಕಡೆಯ ಹಲಗೆಗಳು ಒಳಗಿನವುಗಳಿಗಿಂತ ತಿಳಿ.

ಎರಡನೆಯದು, "ನೆರಳಿಗೆ 6ಬಿ ಒತ್ತಿ ತುಂಬಿ, ಬೆರಳಿನಿಂದ ಉಜ್ಜಿ." 6ಬಿ ತೀರ ಮೆದುವಾದ, ಕಪ್ಪು ಗೀಟಿನ ಪೆನ್ಸಿಲ್. ಅದನ್ನು ಒತ್ತಿದರೆ ಕಾಗದದ ತರಿ ಚಪ್ಪಟೆಯಾಗಿ ಮುಂದಿನ ಪದರ ಹಿಡಿಯುವುದಿಲ್ಲ, ಗ್ರಾಫೈಟ್ ಮಿರುಗತೊಡಗುತ್ತದೆ. ನಿಮ್ಮ ಚಿತ್ರದ ಬಾಗಿಲ ಮೂಲೆಯನ್ನು ಓರೆಯಾಗಿ ಹಿಡಿದು ನೋಡಿ, ಅತಿ ಕಪ್ಪಿರಬೇಕಾದ ಜಾಗವೇ ಬೆಳ್ಳಗೆ ಹೊಳೆಯುತ್ತದೆ. ಬೆರಳಿನ ಜಿಡ್ಡು ತಾಗಿದಲ್ಲಿ ಕಲೆ ನಿಂತರೆ ರಬ್ಬರಿಗೂ ಸುಲಭವಾಗಿ ಬಗ್ಗದು. ಮೊದಲು ಗಟ್ಟಿಯಾದ, ತಿಳಿ ಗೀಟಿನ 2ಎಚ್‌ನಲ್ಲಿ, ಕೈ ಹಗುರವಾಗಿಟ್ಟು, ಆಕಾಶ ಬಿಟ್ಟು ಉಳಿದೆಲ್ಲ ಕಡೆ ಒಂದು ಪದರ ಗೀಟು ಎಳೆಯಿರಿ. ಅದರ ಮೇಲೆ ದಿಕ್ಕು ಬದಲಿಸಿ ಎಚ್‌ಬಿ, ಆಮೇಲೆ 2ಬಿ. 4ಬಿ ಮುಟ್ಟುವುದು ಬಾಗಿಲ ಸಂದು, ತೊಲೆಯ ಅಡಿ, ಹೀಗೆ ಎರಡು ಮೂರು ಕಡೆ ಮಾತ್ರ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಾಗದ ಮೆತ್ತಗಾಗಿರುತ್ತದೆ, ಆಗ 2ಎಚ್ ಒತ್ತಿದರೆ ಗೀರು ಉಳಿಯುತ್ತದೆ.

ಕಾವಿ ನೆಲದ ಬಗ್ಗೆ ನೀವು ಬರೆದದ್ದು ಹಾಗೆಯೇ ಇರಲಿ. ಮೇಲಿನ ಎರಡು ವಾಕ್ಯಗಳಿರುವ ನಿಮ್ಮ ಪ್ಯಾರಾಗಳನ್ನು ತಿದ್ದಿ, ಅದೇ ಕಾಗದದ ತುಂಡಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಏಳು ಮೆಟ್ಟಿಲಿನ ಪಟ್ಟಿ ಮಾಡಿಕೊಂಡು, ಅದನ್ನು ಎದುರಿಗಿಟ್ಟು ಕಿಟಕಿಯ ಗೋಡೆಯನ್ನು ಮತ್ತೊಮ್ಮೆ ಬಿಡಿಸಿ. ಪಟ್ಟಿಯನ್ನೂ ಜೊತೆಗೆ ಕಳಿಸಿ, ಲೇಖನದ ಪಕ್ಕ ಅಚ್ಚು ಹಾಕುತ್ತೇನೆ.